ಮಾಯವ್ವನ ಹೊಟ್ಟೆಯಲ್ಲಿ ಕುದುರೆ ನಾಲ

ತಿಮ್ಮಾಪುರದ ಕಡೆಯ ಮಾಯವ್ವನಿಗೆ ಅರವತ್ತರ ಹತ್ತಿರ ವಯಸ್ಸು. ಅಷ್ಟು ವರ್ಷದಲ್ಲಿ ಆಕೆ ದವಾಖಾನೆ ಮೆಟ್ಟಿಲು ಹತ್ತಿದ್ದು ಬೇರೆಯವರನ್ನು ನೋಡಲು ಮಾತ್ರ. ಎಂಬತ್ತು ಕುರಿ, ಎರಡು ನಾಯಿ, ಒಂದು ಬಾಯಿ, ಇವು ಆಕೆಯ ಸಂಸಾರ. ಬಾಯಿ ಒಂದೇ ಆದರೂ ಕೆಲಸ ಮಾಡುತ್ತಿದ್ದುದು ನಾಲ್ಕರಷ್ಟು.

ಮಹಾಲಿಂಗಪುರದಲ್ಲಿ ಆಕೆಯ ಮಗಳು ಕಾವೇರಿಯ ಅತ್ತೆಮನೆ. ಅಳಿಯ ಪರಮಾನಂದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಆ ವರ್ಷವಷ್ಟೇ ಮೊದಲ ಮೊಬೈಲು ಕೊಂಡು ಅಂಗಿಯ ಜೇಬಿನಿಂದ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದ. ಅವನ ತಾಯಿ ಲಗಮವ್ವ ಮಾಯವ್ವನ ಬೀಗತಿ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಬೀಗತನದ ಮರ್ಯಾದೆ ಇಬ್ಬರೂ ಬಿಟ್ಟವರಲ್ಲ. ಎಂಥ ಬೈಗುಳಕ್ಕೂ ಕೊನೆಗೊಂದು 'ರೀ' ಸೇರಿಸಿಯೇ ಬೈಯುತ್ತಿದ್ದರು.

ಒಂದು ಸೋಮವಾರ ಲಗಮವ್ವನ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಊರಿಗೆ ಬಂದ ಮಾಯವ್ವನಿಗೆ ಮರುದಿನ ಸೊಂಟದ ಬಲಗಡೆ ನೋವು ಶುರುವಾಯಿತು. ಅಂಥಿಂಥ ನೋವಲ್ಲ. ಟಗರು ಹಿಂದಿನಿಂದ ಬಂದು ಗುದ್ದಿದ ಹಾಗೆ. ಅಜವಾನ ತಿಂದಳು, ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿಕೊಂಡಳು, ನಾಯಿಗಳನ್ನು ಬೈದಳು. ಯಾವುದಕ್ಕೂ ನೋವು ಜಗ್ಗಲಿಲ್ಲ. ಪರಮಾನಂದ ಬಂದು ಮುಧೋಳದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದ.

ಅಲ್ಲಿ ಒಂದು ಲೀಟರು ನೀರು ಕುಡಿಸಿ, "ಹೊರಗ ಹೋಗಬ್ಯಾಡ್ರಿ, ತಡಕೋರಿ" ಎಂದರು.

"ಕುಡಿ ಅಂತಾರ, ಹೋಗಬ್ಯಾಡ ಅಂತಾರ. ಇದ್ಯಾವ ನ್ಯಾಯರೀ ಅಳಿಯಂದ್ರ?" ಎಂದು ಮಾಯವ್ವ ಬೆಂಚಿನ ತುದಿಯಲ್ಲಿ ಕಾಲು ಬಿಗಿಹಿಡಿದು ಕುಳಿತಳು. ಎದುರಿನ ಗೋಡೆಯ ಬೋರ್ಡನ್ನು ಪರಮಾನಂದ ಓದಿ ಹೇಳಿದ: "ಇಲ್ಲಿ ಗಂಡೋ ಹೆಣ್ಣೋ ಹೇಳಂಗಿಲ್ಲಂತರಿ, ಅತ್ತಿ."

"ನಾ ಏನ್ ಕೇಳಿದ್ನಿ?" ಎಂದಳು ಮಾಯವ್ವ.

ಒಳಗೆ ಡಾಕ್ಟರ್ ಸಂಧ್ಯಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಸುರಿದು ಯಂತ್ರ ಆಡಿಸಿದಳು. ಪರದೆಯ ಕಡೆಗೆ ಬಾಗಿದಳು. ಮತ್ತೆ ಆಡಿಸಿದಳು. ಪರಮಾನಂದನನ್ನು ಕರೆದು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಇಂಗ್ಲಿಷು ತನಗೆ ನೀರು ಕುಡಿದಷ್ಟು ಸಲೀಸು ಎಂದು ಮಾವನ ಮನೆಯಲ್ಲೆಲ್ಲ ಹೇಳಿಕೊಂಡಿದ್ದ ಪರಮಾನಂದ ಗಂಭೀರವಾಗಿ ತಲೆ ಆಡಿಸಿದ. ಹೊರಗೆ ಬರುತ್ತಲೇ ಮಾಯವ್ವ ಕೇಳಿದಳು:

"ಏನಂದ್ರು?"

"ಸಣ್ಣ ಹರಳೊಂದು ಐತಂತರಿ. ಮತ್ತ ಹಾರ್ಸ್‌ಶೂ ಕಿಡ್ನಿ ಅಂತ. ಹಾರ್ಸ್ ಅಂದ್ರ ಕುದುರಿ. ಶೂ ಅಂದ್ರ ಬೂಟು." ಅವನೂ ಒಂದು ಕ್ಷಣ ಯೋಚಿಸಿದ. "ಕುದುರಿ ಬೂಟು ಅಂದ್ರ... ನಾಲ. ನಿಮ್ಮ ಹೊಟ್ಟ್ಯಾಗ ಕುದುರಿ ನಾಲ ಐತ್ರಿ."

ಮಾಯವ್ವ ಅಲ್ಲೇ ಕುಸಿದು ಕೂರಲಿಲ್ಲ. ಆಕೆಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು.

"ಹರಳು ಎಲ್ಲಿಂದ ಬಂತು ಗೊತ್ತಾತು. ನಿಮ್ಮವ್ವ ಅಕ್ಕಿ ಆರಿಸಂಗಿಲ್ಲ. ಆದ್ರ ನಾಲ? ನಾಲ ಹೆಂಗ ಬಡಿಸಿದ್ಳರೀ ಆಕಿ? ಹೋಳಿಗಿ ಒಳಗ ಹೂರಣದ ಬದಲಿ ಇಟ್ಟಳೇನು?"

ಡಾಕ್ಟರು ಬರೆದುಕೊಟ್ಟ ಗುಳಿಗೆ ಕೊಳ್ಳುವಷ್ಟು ತಾಳ್ಮೆಯೂ ಆಕೆಗಿರಲಿಲ್ಲ. ಸೀದಾ ಮಹಾಲಿಂಗಪುರದ ಬಸ್ಸು ಹತ್ತಿದಳು. ಪರಮಾನಂದ ಹೇಗೋ ಗುಳಿಗೆ ಕೊಂಡು, ಓಡಿ ಬಂದು ಅದೇ ಬಸ್ಸಿಗೆ ಜೋತುಬಿದ್ದ.

ಲಗಮವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಆಕೆಯ ಗಂಡ ಗುರಪ್ಪ ಪಕ್ಕದಲ್ಲಿ ಕುಳಿತು ಸುಲಿದದ್ದನ್ನು ತಿನ್ನುತ್ತಿದ್ದ.

"ಬೀಗತ್ಯಾರ, ನನ್ನ ಹೊಟ್ಟ್ಯಾಗ ಕಬ್ಬಿಣ ಹಾಕೀರಲ್ಲ, ನಿಮಗ ನಾ ಏನ್ ಮಾಡಿದ್ನಿರೀ?"

ವಿಷಯ ಕೇಳಿದ ಲಗಮವ್ವ ಶೇಂಗಾ ಮೊರ ಕೆಳಗಿಟ್ಟು ಎದ್ದು ನಿಂತಳು. "ಏಳು ತಲಿಯಿಂದ ನಮ್ಮ ಮನ್ಯಾಗ ಕುದುರಿ ಕಟ್ಟಿಲ್ಲರೀ. ನಾಲ ನಾವೆಲ್ಲಿಂದ ತರೋಣು? ನೀವ ಎಲ್ಯರ ನುಂಗೀರಿ. ಹನ್ನೊಂದು ಹೋಳಿಗಿ ತಿಂದವರಿಗೆ ಹನ್ನೆರಡನೇದ್ದು ಯಾವುದು ಅಂತ ಹೆಂಗ ತಿಳೀತೈತಿ?"

"ಹನ್ನೊಂದಲ್ಲ, ಒಂಬತ್ತು!"

"ನಾ ಎಣಸೇನ್ರೀ!"

ಗುರಪ್ಪ ನಡುವೆ ಬಂದು ರಾಜಿಯ ದಾರಿ ಹೇಳಿದ. ಪೇಟೆಯಲ್ಲಿ ಒಂದು ಮರದ ಕೆಳಗೆ ಮೀರಾಸಾಬ ಕೂರುತ್ತಿದ್ದ. ನಲವತ್ತು ವರ್ಷದಿಂದ ಎತ್ತು, ಕುದುರೆಗಳಿಗೆ ನಾಲ ಬಡಿಯುವವನು. ನಾಲದ ವಿಷಯ ಅವನಿಗಿಂತ ಬಲ್ಲವರು ಯಾರು? ನಾಲ್ವರೂ ಅಲ್ಲಿಗೆ ನಡೆದರು. ದಾರಿಯಲ್ಲಿ ಏನು ಎತ್ತ ಎಂದು ಕೇಳಿದವರಿಗೆಲ್ಲ ಲಗಮವ್ವ ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದ, ಮೀರಾಸಾಬನ ಮರದ ಕೆಳಗೆ ಮುಟ್ಟುವಾಗ ಜೊತೆಗೆ ಇಪ್ಪತ್ತು ಜನ ಸೇರಿದ್ದರು.

ಮೀರಾಸಾಬ ಎಲ್ಲವನ್ನೂ ಶಾಂತವಾಗಿ ಕೇಳಿದ. ಅವನದು ಒಂದೇ ಪ್ರಶ್ನೆ.

"ಒಂದ ತುಂಡೋ, ಎರಡ ತುಂಡೋ?"

"ಅದ್ಯಾಕ?"

"ಎತ್ತಿನ ಗೊರಸು ಸೀಳಿರತೈತಿ, ಅದಕ್ಕ ಎರಡು ತುಂಡು. ಒಂದ ತುಂಡು ಇದ್ರ ಖರೆ ಕುದುರೀದು."

ಪರಮಾನಂದ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದ" ಎಂದ. ಮೀರಾಸಾಬ ತಲೆದೂಗಿದ. ಕೆಳಗೆ ಬಿದ್ದ ಮೊಳೆ ಆರಿಸಲು ಅವನು ಹಗ್ಗ ಕಟ್ಟಿದ ದೊಡ್ಡದೊಂದು ಸೂಜಿಗಲ್ಲು ಇಟ್ಟುಕೊಂಡಿದ್ದ. ಅದನ್ನು ಲಗಮವ್ವನ ಕೈಗೆ ಕೊಟ್ಟು, "ಯವ್ವಾರ, ನೀವ ಹಿಡೀರಿ. ಕಬ್ಬಿಣ ಇದ್ರ ಜಗ್ಗತೈತಿ" ಎಂದ.

ಲಗಮವ್ವ ಸೂಜಿಗಲ್ಲನ್ನು ಬೀಗತಿಯ ಹೊಟ್ಟೆಯ ಎದುರು ತಂದಳು. ಎಡಕ್ಕೆ ಏನಿಲ್ಲ. ನಡುವೆ ಏನಿಲ್ಲ. ಬಲಕ್ಕೆ ತಂದಾಗ ಅದು ಅವಳ ಕೈಯನ್ನೇ ಎಳೆದುಕೊಂಡು ಹೋಗಿ ಠಕ್ ಎಂದು ಅಂಟಿತು.

ಇಪ್ಪತ್ತು ಜನ ಒಟ್ಟಿಗೆ ಉಸಿರೆಳೆದರು. ಮಾಯವ್ವನಿಗೆ ಮೊದಲ ಬಾರಿಗೆ ಭಯವಾಯಿತು. ಹಾಗಾದರೆ ಖರೆ! ಮಗಳ ಮುಖ, ಎಂಬತ್ತು ಕುರಿ, ಬೀರಪ್ಪನ ಗುಡಿ ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು. ಲಗಮವ್ವನಂತೂ ಸೂಜಿಗಲ್ಲು ಬಿಟ್ಟು ಬೀಗತಿಯ ಕೈ ಹಿಡಿದಳು. "ಅಂಜಬ್ಯಾಡ್ರಿ. ನಾ ಅದೇನಿ. ತಗಸೋಣು" ಎಂದಳು. ಸೂಜಿಗಲ್ಲು ಮಾತ್ರ ಮಾಯವ್ವನ ಸೊಂಟದಲ್ಲೇ ಜೋತಾಡುತ್ತಿತ್ತು.

ಮೀರಾಸಾಬ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. "ಯವ್ವಾ, ಆ ಸಂಚಿ ಒಳಗ ಏನೈತಿ?"

ಮಾಯವ್ವ ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಸಂಚಿ ಬಿಚ್ಚಿದಳು. ಅಡಿಕೆ ಕತ್ತರಿಸುವ ಕಬ್ಬಿಣದ ಅಡಕತ್ತರಿ, ಸೂಜಿಗಲ್ಲಿನ ಸಮೇತ ಹೊರಬಂತು. ಮರದ ಕೆಳಗೆ ನಗೆ ಎದ್ದಿತು. ಲಗಮವ್ವ ಹಿಡಿದ ಕೈ ಬಿಡಬೇಕೋ ಹಿಡಿದಿರಬೇಕೋ ತಿಳಿಯದೆ, ಆಮೇಲೆ ಜಗಳ ನೆನಪಾದವಳಂತೆ ಕೊಡವಿ ಬಿಟ್ಟಳು.

ಮರುದಿನ ನಾಲ್ವರೂ ಮುಧೋಳಕ್ಕೆ ಹೋದರು. ಡಾಕ್ಟರ್ ಸಂಧ್ಯಾ ಎಲ್ಲ ಕೇಳಿ ಪರಮಾನಂದನ ಕಡೆ ನೋಡಿದಳು. ಅವನು ಮೊಬೈಲನ್ನು ಜೇಬಿನೊಳಕ್ಕೆ ಪೂರ್ತಿ ತಳ್ಳಿಕೊಂಡ. ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದಳು.

"ಎಲ್ಲಾರಿಗೂ ಎರಡು ಕಿಡ್ನಿ ಬ್ಯಾರೆ ಬ್ಯಾರೆ ಇರತಾವ್ರಿ, ಅಜ್ಜಿ. ನಿಮಗ ಹುಟ್ಟುವಾಗಿಂದನ ಕೆಳಗಿನ ತುದಿ ಒಂದಕ್ಕೊಂದು ಕೂಡ್ಯಾವು. ನೋಡಾಕ ನಾಲದ ಆಕಾರ, ಅದಕ್ಕ ಆ ಹೆಸರು. ಐನೂರು ಮಂದ್ಯಾಗ ಒಬ್ಬರಿಗೆ ಇರತೈತಿ. ಇದ್ದವರಿಗೆ ಎಷ್ಟೋ ಸಲ ಸಾಯೂತನಕ ಗೊತ್ತಾಗಂಗಿಲ್ಲ."

ಎಷ್ಟೋ ಕುರಿ ಕೊಯ್ದು ಪಾಲು ಹಚ್ಚಿದ ಕೈ ಮಾಯವ್ವನದು. ಚಿತ್ರ ನೋಡಿದ್ದೇ ಆಕೆಗೆ ಅರ್ಥವಾಯಿತು. "ಓ, ಕಿಡ್ನಿ ಅಂದ್ರ ಗುರ್ದಾ! ಅವಳಿ ಬಾಳಿಹಣ್ಣು ಕೂಡಿರತಾವಲ್ಲ, ಹಂಗ. ಅಳಿಯಂದ್ರ, ಇಷ್ಟು ಹೇಳಾಕ ಕುದುರಿ ಯಾಕ ತಂದ್ರಿ?"

ನೀರು ಹೆಚ್ಚು ಕುಡಿಯಬೇಕು, ಹೊಟ್ಟೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು, ಹರಳು ಸಣ್ಣದು, ತಾನೇ ಬೀಳುತ್ತದೆ ಎಂದಳು ಡಾಕ್ಟರು. ಮಾಯವ್ವ ಏಳಲಿಲ್ಲ. "ಐನೂರಕ್ಕ ಒಬ್ಬರು ಅಂದ್ರಿ ಹೌದಲ್ರಿ?" ಎಂದು ಇನ್ನೊಮ್ಮೆ ಕೇಳಿ, ಬೀಗತಿಗೆ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡಿದಳು.

ಲಗಮವ್ವನಿಗೆ ಚೆನ್ನಾಗಿಯೇ ಕೇಳಿಸಿತ್ತು. "ನನಗೂ ಒಂದು ತಗೀರಿ" ಎಂದು ಆಕೆ ಮಂಚ ಹತ್ತಿಬಿಟ್ಟಳು. ಬೇಡವೆಂದರೂ ಇಳಿಯಲಿಲ್ಲ. ಡಾಕ್ಟರು ಪೂರ್ತಿ ನೋಡಿ, ಎಲ್ಲ ಸರಿ ಇದೆ ಎಂದಳು.

"ಸರಿ ಅಂದ್ರ? ಏನೂ ಇಲ್ಲ?" ಲಗಮವ್ವನ ಮುಖ ಬಾಡಿತು. "ಮೂರು ಹೆತ್ತೇನ್ರಿ ನಾ. ಏನರ ಇರಬೇಕು. ಇನ್ನೊಮ್ಮಿ ಹುಡಕರಿ, ಡಾಕ್ಟರ್ ಬಾಯಾರ."

ಡಾಕ್ಟರು ನಗು ತಡೆದುಕೊಂಡು ಇನ್ನೊಮ್ಮೆ ಆಡಿಸಿದಳು. ಎಡಗಡೆ ಬಂದಾಗ ಯಂತ್ರ ನಿಲ್ಲಿಸಿದಳು. "ಇಲ್ಲೊಂದು ಐತ್ರಿ. ಗುಲ್ಮ ಅಂತ ಒಂದು ಅಂಗ ಇರತೈತಿ. ಅದರ ಪಕ್ಕ ಗೋಲಿಯಷ್ಟು ಮರಿಗುಲ್ಮ ಐತಿ. ಏನೂ ತ್ರಾಸಿಲ್ಲ."

ಉಳಿದದ್ದನ್ನು ಕೇಳಲು ಲಗಮವ್ವ ನಿಲ್ಲಲಿಲ್ಲ. ಸೀರೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದವಳೇ, ತುಂಬಿದ ಬೆಂಚುಗಳ ನಡುವೆ ಗಂಡನಿಗೆ ಕೂಗಿ ಹೇಳಿದಳು: "ಕೇಳಿದ್ರೇನು? ನನ್ನ ಹೊಟ್ಟ್ಯಾಗ ಮರಿ ಐತಿ!"

ಗುರಪ್ಪ ಗೋಡೆಯ ಬೋರ್ಡು ನೋಡಿದ, ಹೆಂಡತಿಯನ್ನು ನೋಡಿದ. ಕೈಯಲ್ಲಿದ್ದ ಬಿಸ್ಕೀಟು ಚಹಾದೊಳಗೆ ಮುರಿದು ಬಿತ್ತು. "ಈ ವಯಸ್ಸಿನ್ಯಾಗ?" ಎಂದಷ್ಟೇ ಕೇಳಿದ. ಅವನಿಗೆ ಗುಲ್ಮದ ವಿಷಯ ತಿಳಿಹೇಳಿ ನೀರು ಕುಡಿಸುವಷ್ಟರಲ್ಲಿ ಪರಮಾನಂದ ಬೆವೆತುಹೋದ.

ಮಾಯವ್ವನ ಹರಳು ನಾಲ್ಕು ದಿನದಲ್ಲಿ ಬಿದ್ದುಹೋಯಿತು. ಆದರೆ ಅಂದು ವಾಪಸು ಬರುವ ಬಸ್ಸಿನಲ್ಲಿ ಆಕೆಗೆ ಇನ್ನೂ ಸ್ವಲ್ಪ ನೋವಿತ್ತು. ಆದರೂ ಖುಷಿಯಾಗಿಯೇ ಇದ್ದಳು. ಪಕ್ಕದಲ್ಲಿ ಲಗಮವ್ವ ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕುಳಿತಿದ್ದಳು. ಮರಿಗುಲ್ಮ ಹತ್ತು ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಹೊರಡುವಾಗ ಡಾಕ್ಟರು ಹೇಳಿಬಿಟ್ಟಿದ್ದಳು. ಮಾಯವ್ವನ ಮನಸ್ಸು ಕರಗಿತು.

"ಹತ್ತರಾಗ ಒಬ್ಬರಿಗಿರಲಿ, ನೂರರಾಗ ಒಬ್ಬರಿಗಿರಲಿ. ನಿಮ್ಮ ಓಣ್ಯಾಗ ಯಾರಿಗೂ ಇರಲಿಕ್ಕಿಲ್ಲ ಬಿಡ್ರಿ" ಎಂದಳು.

ಲಗಮವ್ವನ ಮುಖ ಅರಳಿತು. "ಹಂಗಂತೀರಿ?"

"ಖರೆ. ಬೀರಪ್ಪನಾಣಿ."

ಹಿಂದಿನ ಸೀಟಿನಿಂದ ಗುರಪ್ಪ ಮೆಲ್ಲಗೆ ಮುಂದೆ ಬಾಗಿದ. "ನಾನೂ ಒಮ್ಮಿ ನೋಡಿಸ್ಕೋಬೇಕಿತ್ತು. ನನ್ನೊಳಗ ಏನೈತೋ ಏನೋ."

ಬೀಗತಿಯರಿಬ್ಬರೂ ಒಟ್ಟಿಗೆ ಹಿಂದೆ ತಿರುಗಿದರು. ಸಂಬಂಧ ಬೆಳೆಸಿದ ಒಂಬತ್ತು ವರ್ಷಗಳಲ್ಲಿ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

"ನಿಮ್ಮೊಳಗ ಶೇಂಗಾ ಬಿಟ್ರ ಏನೂ ಇಲ್ಲ, ಸುಮ್ನ ಕುಂದರ್ರಿ!"