ಮಿಸುಕದೆ ಮಲಗಿದವಳು

"ಪಾದದಿಂದ ಶುರುಮಾಡಿ. ಮಡಕೆಯೊಳಗೆ ಅವರು ತಲೆಕೆಳಗಾಗಬಾರದು," ಎಂದು ಚಿತಾಗಾರದ ನೌಕರ ಹೇಳಿದ. ಕಾಸುಮಿಯೂ ಇಸೊಕೊ ಚಿಕ್ಕಮ್ಮನೂ ಮನೆಯವರೇ ಮಾಡುವ ಪದ್ಧತಿಯಂತೆ, ಬೂದಿಯಲ್ಲಿ ಉಳಿದಿದ್ದ ಒಂದೇ ಎಲುಬನ್ನು ಇಬ್ಬರ ಉದ್ದ ಕಡ್ಡಿಗಳಿಂದಲೂ ಹಿಡಿದು ಅಸ್ಥಿಯ ಮಡಕೆಗೆ ಎತ್ತಿದರು.

"ನಮ್ಮಕ್ಕ ಇಷ್ಟು ಹೊತ್ತು ಬಾಯ್ಮುಚ್ಕೊಂಡು ಮಲಗಿದ್ದು ಇದೇ ಮೊದಲು ಕಣೇ," ಎಂದಳು ಚಿಕ್ಕಮ್ಮ. ಬಂದರಿನಲ್ಲಿ ಮೀನು ಮಾರುತ್ತಿದ್ದ ಕಾಸುಮಿಯ ಅಮ್ಮ ಶಿಗೆನೊಳ ಬಾಯಿಗೆ ಊರೇ ಹೆದರುತ್ತಿತ್ತು.

"ಮೊದಲಲ್ಲಮ್ಮ," ಎಂದರು ಹಿಂದೆ ನಿಂತಿದ್ದ ಮುದುಕರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುತ್ತಿದ್ದ ಹೊಂಜೊ ಅವರು. "ನನ್ನ ಮೆಷಿನ್ನಲ್ಲಿ ಮಿಸುಕದೆ ಮಲಗ್ತಿದ್ರು."

ಕಾಸುಮಿಯ ಕೈ ನಿಂತಿತು. ತಾನು ಶಾಲೆಗೆ ಹೋಗುತ್ತಿದ್ದಾಗ ಅಮ್ಮ ಗುಟ್ಟಾಗಿ ಆಸ್ಪತ್ರೆಗೆ ಹೋಗುತ್ತಿದ್ದುದು ಅವಳಿಗೆ ಗೊತ್ತಿತ್ತು. ಕೇಳಿದರೆ ಬೈಗುಳವೇ ಉತ್ತರ. ಆ ಅನುಮಾನ ಅಂದಿನಿಂದ ಕೊರೆಯುತ್ತಿತ್ತು.

"ಅಮ್ಮಂಗೆ ಏನು ಕಾಯಿಲೆ ಇತ್ತು ಹೊಂಜೊ-ಸಾನ್? ನನ್ನ ಕಾಲಿನ ಗಡಿಬಿಡೀಲಿ ತನ್ನದನ್ನ ಮುಚ್ಚಿಟ್ಲಾ?"

"ಕಾಯಿಲೆನಾ? ಅವರ ಸೊಂಟದ ಕೀಲಿನಷ್ಟು ಗಟ್ಟಿ ಕೀಲು ನಾನು ಕಂಡೇ ಇಲ್ಲಮ್ಮ!"

*

ಕಾಸುಮಿಯ ಸೊಂಟದ ಕೀಲಿನ ಗುಳಿ ಹುಟ್ಟಿನಿಂದಲೇ ಆಳವಿರಲಿಲ್ಲ. ಎಲುಬಿನ ಮೇಲಿನ ಮೃದ್ವಸ್ಥಿ, ಆ ಮೆತ್ತನೆಯ ಪದರ, ಸಾಕಷ್ಟು ದಪ್ಪ ಉಳಿದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಅವಳದೇ ಕೀಲನ್ನು ಉಳಿಸಬಹುದಿತ್ತು. ಇಲ್ಲದಿದ್ದರೆ ಮುಂದೆ ಲೋಹದ ಕೀಲೇ ಗತಿ. ಆದರೆ ಸ್ಕ್ಯಾನ್ ಚಿತ್ರದಲ್ಲಿ, ಗುಳಿಯೊಳಗೆ ಕೂರುವ ತೊಡೆಯೆಲುಬಿನ ಗುಂಡಿನ ಪದರವೂ ಗುಳಿಯ ಪದರವೂ ಒಂದಕ್ಕೊಂದು ಅಂಟಿ ಕಾಣುತ್ತಿದ್ದವು; ದಪ್ಪ ಅಳೆಯಲಾಗುತ್ತಿರಲಿಲ್ಲ. ಕಾಲಿಗೆ ತೂಕ ಕಟ್ಟಿ ಎಳೆದರೆ ಅವು ಬೇರೆಯಾಗುತ್ತವೆಂದು ಹೊಂಜೊ ನಂಬಿದ್ದರು. ಮೊದಲು ಒಳ್ಳೆಯ ಕೀಲಿನ ಮೇಲೆ ಕೈ ಪಳಗಬೇಕಿತ್ತು. ಅದಕ್ಕೆಂದು ಬಂದು ಮಲಗಿದವರೆಲ್ಲ ಮಿಸುಕಿ ಚಿತ್ರ ಕೆಡಿಸಿದರು.

"ನನ್ನ ಕಾಲಿಗೆ ಕಟ್ರಿ," ಎಂದಳು ಶಿಗೆನೊ. "ಕಾಲು ಉದ್ದ ಆದ್ರೆ ಪ್ಯಾಂಟು ಮಾತ್ರ ನೀವೇ ಹೊಲಿಸ್ಕೊಡ್ಬೇಕು."

ಆಮೇಲೆ ದನಿ ತಗ್ಗಿಸಿದಳು. "ಮಗಳಿಗೆ ಹೇಳ್ಬೇಡಿ. ಕುಂಟೋ ಕೂಸಿನ ಮುಂದೆ ನನ್ನ ಕಾಲು ಗಟ್ಟಿ ಅಂತ ಜಂಬ ಕೊಚ್ಚಿದಂಗಾಗುತ್ತೆ."

ತಿಂಗಳುಗಟ್ಟಲೆ ಬಂದು ಮಲಗಿದಳು. ಒಂದು ದಿನ ಎರಡು ಪದರಗಳ ನಡುವೆ ಕೂದಲೆಳೆಯಂಥ ಗೆರೆ ಮೂಡಿತು. ಆಮೇಲೆ ಕಾಸುಮಿಯ ಕೀಲನ್ನೂ ಹಾಗೆಯೇ ಅಳೆದರು. ಪದರ ಸಾಕಷ್ಟು ಉಳಿದಿತ್ತು.

*

ಹೊಂಜೊ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಸರದಿ ಸೊಂಟಕ್ಕೆ ಬಂದಿತ್ತು. "ಇದು ಸೊಂಟದ ಗುಂಡು," ಎಂದ ನೌಕರ. "ಇಷ್ಟು ದುಂಡಗೆ ಉಳಿಯೋದು ಅಪರೂಪ."

"ನೋಡ್ರಿ, ಸತ್ತ ಮೇಲೂ ಹೊಗಳಿಸ್ಕೊಳ್ತಾಳೆ!" ಎಂದು ಚಿಕ್ಕಮ್ಮ ಅಳುತ್ತಲೇ ನಕ್ಕಳು.

ಕಾಸುಮಿ ಹೆಮ್ಮೆಯಿಂದ ಆ ಗುಂಡನ್ನೊಮ್ಮೆ ನೋಡಿದಳು. ಚಿಕ್ಕಮ್ಮನ ಕೈಯಿಂದ ಕಡ್ಡಿಗಳನ್ನು ತೆಗೆದು ಹೊಂಜೊ ಅವರಿಗೆ ಚಾಚಿದಳು.

"ನಾನು ಮನೆಯವನಲ್ಲಮ್ಮ."

"ಹಿಡ್ಕೊಳ್ಳಿ."

ಅಂದು ಉಳಿಸಿಕೊಂಡ ಕಾಲಿನ ಮೇಲೆ ಭಾರ ಬಿಟ್ಟು ಕಾಸುಮಿ ಬಾಗಿದಳು. ಎದುರಿನಿಂದ ಮುದುಕರೂ ಬಾಗಿದರು. ಇಬ್ಬರೂ ಉಸಿರು ಬಿಗಿಹಿಡಿದು ಎತ್ತಿದರು. ಮಡಕೆಯ ಬಾಯಿ ಮುಟ್ಟುವವರೆಗೂ ಆ ಗುಂಡು ಒಂದಿಷ್ಟೂ ಅಲುಗಲಿಲ್ಲ.