ಕೆಳಗಿನ ಕೋಣೆ

"ಇಲ್ಲಿ ಮಂಚ ಹಾಕಿದ್ರೆ ಕಿಟಕಿ ತಲೆ ಹತ್ರ ಬರತ್ತೆ, ಚಳಿಗಾಳಿ ಹೊಡೆಯತ್ತೆ. ಆ ಗೋಡೆಗೆ ಹಾಕೋಣ," ಎಂದು ಸೀತಾಲಕ್ಷ್ಮಿ ಗಾರೆ ಇನ್ನೂ ಆರದ ಕೋಣೆಯ ನಡುವೆ ನಿಂತು ಕೈ ತೋರಿಸಿದಳು. "ಹೊಲಿಗೆ ಮೆಷೀನು ಈ ಮೂಲೇಲಿ. ಬೆಳಕೂ ಬೀಳತ್ತೆ. ಏನೋ ಗೋಪಾಲ, ಮಾತೇ ಇಲ್ಲ?"

"ಹೂಂ ಅಕ್ಕ," ಎಂದ ಗೋಪಾಲಕೃಷ್ಣ. ಅವನ ಗಮನ ಕಿಟಕಿಯಾಚೆ, ಎದುರು ಸಾಲಿನ ಮನೆಯಲ್ಲಿತ್ತು. ಅಲ್ಲಿ ಅವನ ಹೆಂಡತಿ ಪ್ರಭಾ ಮೆಟ್ಟಿಲು ಹತ್ತಿ ಹೋಗಿ, ಮೇಲಿನ ಬಾಲ್ಕನಿಯಲ್ಲಿ ನಿಂತು, ಇನ್ನೂ ಬಣ್ಣ ಕಾಣದ ಕಟಕಟೆಯ ಮೇಲೆ ಕೈಯಿಟ್ಟು ರಸ್ತೆ ನೋಡುತ್ತಿದ್ದಳು.

ಕಾರ್ಖಾನೆಯ ನೌಕರರ ಸೊಸೈಟಿಯವರು ನಾಗಸಂದ್ರದ ಆಚೆ ರಾಗಿಹೊಲವಾಗಿದ್ದ ಜಾಗದಲ್ಲಿ ಸಾಲುಮನೆಗಳನ್ನು ಎಬ್ಬಿಸುತ್ತಿದ್ದರು. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮಹಡಿ ಮನೆಗಳು. ಅದರಲ್ಲಿ ಎರಡು ಬಗೆ. ಎ ಟೈಪಿನಲ್ಲಿ ಬಾಗಿಲು ದಾಟಿದರೆ ಇಕ್ಕಟ್ಟಾದ ಹಾಲ್, ಅದರ ಪಕ್ಕಕ್ಕೇ ಒಂದು ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಕಕ್ಕಸು. ಮಹಡಿಯಲ್ಲಿ ಒಂದೇ ರೂಮು, ಉಳಿದದ್ದು ತಾರಸಿ. ಆ ರೂಮಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಪ್ಪಳ ಒಣಗಿಸಬಹುದಿತ್ತು, ಅಷ್ಟು ಕಾವು. ಬಿ ಟೈಪಿನಲ್ಲಿ ಕೆಳಗೆ ದೊಡ್ಡ ಹಾಲ್ ಮತ್ತು ಅಡುಗೆಮನೆ ಬಿಟ್ಟರೆ ಏನೂ ಇಲ್ಲ. ಮಲಗುವ ಎರಡು ರೂಮು, ಬಚ್ಚಲು, ಕಕ್ಕಸು ಎಲ್ಲ ಮೇಲೆ. ನೋಡಲು ಬಂದವರೆಲ್ಲ ಬಿ ಟೈಪಿನ ಹಾಲಿನಲ್ಲಿ ನಿಂತು, ಇಲ್ಲಿ ಸೋಫಾ, ಅಲ್ಲಿ ಟೀವಿ ಎಂದು ಇಲ್ಲದ ಸಾಮಾನನ್ನೆಲ್ಲ ಜೋಡಿಸುತ್ತಿದ್ದರು.

ಸೀತಾಲಕ್ಷ್ಮಿಯೂ ಒಂದು ಕೈ ನೋಡೋಣವೆಂದು ಬಿ ಟೈಪಿನ ಮೆಟ್ಟಿಲು ಹತ್ತಲು ಹೋದಳು. ಹೊಲಿಗೆ ಮೆಷೀನು ತುಳಿದು ತುಳಿದು ಸವೆದ ಮಂಡಿ ಅವಳದು. ಅರ್ಧಕ್ಕೇ ಗೋಡೆ ಹಿಡಿದು ಕೂತುಬಿಟ್ಟಳು.

"ಅಪ್ಪಾ ದೇವರೇ, ಇದೇನು ಮನೇನೋ ಶಿವಗಂಗೆ ಬೆಟ್ಟಾನೋ! ಒಂದ್ಸಲ ಬಚ್ಚಲಿಗೆ ಹೋಗಿಬಂದ್ರೆ ಸಾಕು, ಪುಣ್ಯಯಾತ್ರೆ ಆಗೋಯ್ತು," ಎಂದು ತಾನೇ ನಕ್ಕಳು. ಪ್ರಭಾಳೂ ನಕ್ಕು, ಕೆಳಗಿಳಿದು ಬಂದು ಅವಳ ಕೈ ಹಿಡಿದು ಎಬ್ಬಿಸಿದಳು. ಎ ಟೈಪೇ ಎಂದು ಅಲ್ಲಿಗೆ ಮಾತು ಮುಗಿದಂತಾಯಿತು. ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಇರಲೂ ಕೂಡದು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಸೀತಾಲಕ್ಷ್ಮಿ, ತಾಯಿ ಸತ್ತ ಮೇಲೆ ತಮ್ಮನನ್ನೂ ತಂಗಿಯನ್ನೂ ಸಾಕಿದವಳು. ಊರವರ ರವಿಕೆ, ಲಂಗ ಹೊಲಿದು ಗೋಪಾಲಕೃಷ್ಣನಿಗೆ ಡಿಪ್ಲೊಮಾ ಓದಿಸಿದವಳು. ಇದನ್ನು ಅವಳು ಒಮ್ಮೆಯೂ ಆಡಿ ತೋರಿಸಿರಲಿಲ್ಲ. ಆಡಿ ತೋರಿಸಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ರಾಜಗೋಪಾಲನಗರದ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದು ರೂಮು, ಒಂದು ಅಡುಗೆಮನೆ. ನಡುವೆ ಬಾಗಿಲಿಲ್ಲ, ಅಕ್ಕನೇ ಹಳೇ ಸೀರೆಯಲ್ಲಿ ಹೊಲಿದ ಪರದೆ. ಪರದೆಯ ಈಚೆ ಗಂಡ ಹೆಂಡತಿ, ಆಚೆ ಅಕ್ಕ. ಮದುವೆಯಾದಾಗಿನಿಂದ ಪ್ರಭಾ ಮಲಗುವ ಮುಂಚೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು, ಸದ್ದಾಗದಿರಲಿ ಎಂದು. ಅಕ್ಕನಿಗೂ ಗೊತ್ತು. ಅವಳು ಹೊದ್ದು ಮಲಗಿದ ತಕ್ಷಣ ಗೊರಕೆ ಹೊಡೆಯಲು ಶುರುಮಾಡುತ್ತಿದ್ದಳು. ಅದು ನಿಜವಾದ ಗೊರಕೆಯಲ್ಲವೆಂದು ಮೂವರಿಗೂ ತಿಳಿದಿತ್ತು. ಮಕ್ಕಳಾಗಿರಲಿಲ್ಲ. ನೆಂಟರು ಕೇಳುವುದನ್ನು ಬಿಟ್ಟಿರಲಿಲ್ಲ.

ಮನೆ ಆರಿಸುವ ಶನಿವಾರ ಬಂತು. ತಮ್ಮ ಮುಖ್ಯವಾದ ಕೆಲಸಕ್ಕೆ ಹೊರಟನೆಂದರೆ ಸೀತಾಲಕ್ಷ್ಮಿ ಅಡುಗೆಮನೆಯ ಮೂಲೆ ಸೇರುವುದು ರೂಢಿ. ವಿಧವೆ ಎದುರಾದರೆ ಹೋದ ಕೆಲಸ ಕೆಡುತ್ತದೆಂದು ಅವಳಿಗೆ ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವನು ಎಷ್ಟೋ ಸಲ ರೇಗಿಯೂ ಇದ್ದ. ಆದರೂ ಇಂಟರ್‌ವ್ಯೂಗೆ ಹೋದಾಗ, ಹೆಣ್ಣು ನೋಡಲು ಹೋದಾಗ, ಅವನು ಗೇಟು ದಾಟುವವರೆಗೆ ಅವಳು ಆಚೆ ಬಂದವಳಲ್ಲ. ಆವತ್ತು ಮಾತ್ರ ಏನು ಖುಷಿಯೋ ಏನೋ, ಬಟ್ಟಲಲ್ಲಿ ಮೊಸರು ಸಕ್ಕರೆ ಹಿಡಿದು ಬಾಗಿಲಿಗೇ ಬಂದುಬಿಟ್ಟಳು.

"ತಿನ್ಕೊಂಡು ಹೋಗೋ. ಎ ಟೈಪು ಕಣೋ, ಗಡಿಬಿಡೀಲಿ ಮರೀಬೇಡ," ಎಂದಳು. ಅವನು ಬಟ್ಟಲಿಗೆ ಕೈ ಹಾಕಿದಾಗ ಅವಳಿಗೆ ಎಚ್ಚರವಾಯಿತು. "ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ನಾಲಗೆ ಕಚ್ಚಿಕೊಂಡು ಒಳಗೆ ಸರಿದಳು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮನೆಗಳ ನಕ್ಷೆಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ಸರ್ವೀಸು ಹೆಚ್ಚಿದ್ದವರನ್ನು ಮೊದಲು ಕರೆಯುವುದು, ಕರೆದವರು ಹೋಗಿ ತಮಗೆ ಬೇಕಾದ ಚೌಕದಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುವುದು, ಮುಂದಿನ ಶನಿವಾರ ಸೆಕ್ರೆಟರಿ ಅದರ ಮೇಲೆ ಇಂಕಿನಿಂದ ತಿದ್ದುವುದು ಎಂದು ಏರ್ಪಾಡು. ಗೋಪಾಲಕೃಷ್ಣನ ಹೆಸರು ಬೇಗನೇ ಬಂತು. ಎ ಟೈಪಿನ ಸಾಲು ಹೆಚ್ಚುಕಡಿಮೆ ಖಾಲಿಯೇ ಇತ್ತು.

ಅವನು ಪೆನ್ಸಿಲು ಹಿಡಿದು ನಿಂತ. ಗಡಿಬಿಡಿಯೇನೂ ಆಗಲಿಲ್ಲ, ಮರೆವೂ ಬರಲಿಲ್ಲ. ಎ ಟೈಪಿನಲ್ಲೂ ಮಹಡಿಯಲ್ಲಿ ಒಂದು ರೂಮು ಇತ್ತಲ್ಲ, ಅಕ್ಕ ಕೆಳಗೆ ಇದ್ದರೆ ಅಡ್ಡಿಯೇನು ಎಂದು ಅವನ ತಲೆ ಸರಿಯಾಗಿಯೇ ಕೇಳಿತು. ಆದರೆ ಮುಂದೆ ಕೆಳಗಿನ ಕೋಣೆಯಿಂದ ಬರಲಿರುವ ಆ ಸುಳ್ಳು ಗೊರಕೆ ಈಗಲೇ ಕಿವಿಗೆ ಕೇಳಿಸಿತು. ಒಂದು ಮನೆಯಾದರೂ, ಒಂದೇ ಒಂದು ಮನೆಯಾದರೂ ತಾವಿಬ್ಬರೇ ಇರುವಂಥದ್ದು ಬೇಕೆನಿಸಿತು. ಅಕ್ಕ ಹತ್ತಲಾರದ ಮನೆ ಎಂದರೆ ಅಕ್ಕ ಇರಲಾರದ ಮನೆ. ನೆಲಮಂಗಲದಲ್ಲಿ ತಂಗಿ ಸತ್ಯವತಿ ಇದ್ದಾಳಲ್ಲ. ಬಿ ಟೈಪಿನ ಚೌಕದಲ್ಲಿ ಅವನು ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ ಬರೆದ.

ಅವನ ಹಿಂದೆಯೇ ಬಂದವನು ವೆಂಕಟೇಶಪ್ಪ, ಲಗ್ಗೆರೆ ಊರಿನವನು, ಕಾರ್ಖಾನೆಯ ಅದೇ ಶಾಪಿನಲ್ಲಿ ಪಕ್ಕದ ಮೆಷೀನಿನವನು. ನಕ್ಷೆ ನೋಡಿ ಕಣ್ಣರಳಿಸಿದ.

"ಇದೇನ್ ಸ್ವಾಮಿ, ಬಿ ಬರ್ದ್ಬುಟ್ಟಿದೀರಿ? ಅಕ್ಕಾರಿಗೆ ಮಂಡಿನೋವು ಅಂತಿದ್ರಿ? ತಪ್ಪಾಗಿ ಬರ್ದಿದ್ರೆ ಯೋಳಿ. ನಾನು ಇಲ್ಲಿ ಎ ಬರೀತಾ ಇವ್ನಿ, ಬೇಕಾದ್ರೆ ಬದ್ಲಾಯ್ಸ್ಕಳಾನ. ಇಂಕ್ ಬೀಳಾಗಂಟ ಟೈಮ್ ಐತಲ್ಲ."

"ಆಮೇಲೆ ಹೇಳ್ತೀನಿ," ಎಂದ ಗೋಪಾಲಕೃಷ್ಣ, ಅವನ ಮುಖ ನೋಡದೆ.

ಮನೆಗೆ ನಡೆದುಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಎ ಟೈಪು ಮುಗಿದುಹೋಗಿತ್ತು ಎನ್ನೋಣವೆಂದರೆ ತನಗಿಂತ ಕಡಿಮೆ ಸರ್ವೀಸಿನ ವೆಂಕಟೇಶಪ್ಪನಿಗೇ ಅದು ಸಿಕ್ಕಿದೆ. ಬಾಗಿಲಲ್ಲಿ ಅಕ್ಕನ ಮುಖ ಕಂಡಾಗ ಬಾಯಿಗೆ ತಾನಾಗಿ ಬಂದದ್ದನ್ನು ಹೇಳಿದ.

"ಕೊನೇ ಗಳಿಗೇಲಿ ಚೀಟಿ ಎತ್ತಿಸಿಬಿಟ್ರು ಅಕ್ಕ. ನಮಗೆ ಬಿ ಟೈಪ್ ಬಂತು."

ಅಕ್ಕ ಅಳಬಹುದು, ಬಯ್ಯಬಹುದು, ಹೋಗಿ ಕೇಳಿ ಬದಲಾಯಿಸಿಕೊಂಡು ಬಾ ಎನ್ನಬಹುದು ಎಂದೆಲ್ಲ ಅವನು ತಯಾರಾಗಿದ್ದ. ಅವಳು ಮೆಷೀನಿನ ಮುಂದೆ ಮೆಲ್ಲಗೆ ಕೂತಳು. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಉಗುರಿನಿಂದ ಕೆರೆದಳು.

"ನಂದೇ ತಪ್ಪು ಕಣೋ," ಎಂದಳು. "ಇಷ್ಟು ವರ್ಷ ಜೋಪಾನವಾಗಿದ್ದೋಳು ಇವತ್ತು ನಿನ್ನೆದುರಿಗೆ ಬಂದ್ಬಿಟ್ಟೆ. ಆಸೆ ನೋಡು, ಆಸೆ. ಆ ಕೋಣೆ ಮೇಲಿನ ಆಸೆ ಬುದ್ಧಿ ಕೆಡಿಸ್ತು. ಚೀಟಿ ಆದ್ರೂ ಏನು ಮಾಡತ್ತೆ?"

ಇದು ಗೋಪಾಲಕೃಷ್ಣನ ಲೆಕ್ಕದಲ್ಲಿ ಇರಲೇ ಇಲ್ಲ. "ಅದಕ್ಕೂ ಇದಕ್ಕೂ ಏನಕ್ಕ ಸಂಬಂಧ? ಹಾಗೆಲ್ಲ ಮಾತಾಡ್ಬೇಡ," ಎಂದ. ಚೀಟಿಯ ಮಾತು ಸುಳ್ಳೆಂದು ಮಾತ್ರ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕ ನೀರಿಗೆಂದು ನಲ್ಲಿ ಹತ್ತಿರ ಹೋಗಿದ್ದಾಗ ಪ್ರಭಾ ಕಾಫಿ ಲೋಟ ತಂದು ಎದುರಿಗೆ ಕುಕ್ಕಿದಳು.

"ಸರ್ವೀಸ್ ಪ್ರಕಾರ ಅಂತ ನೀವೇ ಹೇಳಿದ್ರಲ್ರೀ. ಚೀಟಿ ಎಲ್ಲಿಂದ ಬಂತು?"

ಅವನು ಕಾಫಿ ಆರಿಸುವ ನೆವದಲ್ಲಿ ಲೋಟ ಬಾಗಿಸಿ ಹಿಡಿದ.

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ. ನಾನು ಬಾಯಿಬಿಟ್ಟು ಕೇಳಿರ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. ಹೋಗಿ ಬದಲಾಯಿಸಿ ಬನ್ನಿ ಎಂದು ಹೇಳುತ್ತಾಳೆ ಎಂದು ಅವನು ಕಾದ. ಹೇಳಿದ್ದರೆ ಹೋಗಿಬರುತ್ತಿದ್ದನೇನೋ. ಅವಳು ಹೇಳಲಿಲ್ಲ. ಹೊರಗೆ ಅಕ್ಕನ ಕೊಡದ ಸದ್ದಾದಾಗ ಇಬ್ಬರೂ ಒಟ್ಟಿಗೇ ಬೇರೆ ಕಡೆ ಮುಖ ತಿರುಗಿಸಿದರು.

ಆ ವಾರವೆಲ್ಲ ವೆಂಕಟೇಶಪ್ಪ ದಿನಕ್ಕೊಮ್ಮೆಯಾದರೂ, "ಏನ್ ಸ್ವಾಮಿ, ಏನ್ ಮಾಡಾನ?" ಎನ್ನುತ್ತಿದ್ದ. ಗೋಪಾಲಕೃಷ್ಣ ಒಂದು ದಿನ ತಲೆನೋವು ಎಂದ, ಇನ್ನೊಂದು ದಿನ ಕೆಲಸ ಜಾಸ್ತಿ ಎಂದ. ಇತ್ತ ಮನೆಯಲ್ಲಿ ಅಕ್ಕ ಬದಲಾಗಿದ್ದಳು. ಅವನು ಶಿಫ್ಟಿಗೆ ಹೊರಡುವಾಗಲೂ, ಕೊನೆಗೆ ತರಕಾರಿಗೆ ಹೊರಟರೂ, ಗೋಡೆಯ ಕಡೆಗೆ ಸರಿಯುತ್ತಿದ್ದಳು. ಒಂದು ಸಂಜೆ ಬಟ್ಟೆಗೆ ಗುಂಡಿ ಹಾಕುತ್ತ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು:

"ದಿನಾ ಬೆಳಿಗ್ಗೆ ಎದ್ದು ನನ್ನ ಮುಖ ನೋಡೋ ಮನೇಲಿ ತೊಟ್ಟಿಲು ಹೇಗೆ ತೂಗೀತು? ನಂಗೆ ಮೊದಲೇ ಹೊಳೀಬೇಕಿತ್ತು. ಸತ್ಯವತಿಗೆ ಹೇಳಿಕಳಿಸಿದೀನಿ. ಅವಳಿಗೆ ಮಕ್ಕಳೆಲ್ಲ ಆಗಿ ಮುಗಿದಿದೆ, ನನ್ನಿಂದ ಅವಳಿಗೇನೂ ಆಗಲ್ಲ."

ಪ್ರಭಾ ಒಲೆಯ ಮುಂದಿನಿಂದ ಎದ್ದು ಬಂದು, "ಅಕ್ಕಾ, ದೇವರಾಣೆ ಹಾಗನ್ಬೇಡಿ," ಎಂದು ಅವಳ ಕೈ ಹಿಡಿದುಕೊಂಡಳು. ಗೋಪಾಲಕೃಷ್ಣ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬೀದಿಯ ಕೊನೆವರೆಗೆ ಹೋಗಿ, ಬೀಡಾ ಅಂಗಡಿಯ ಮುಂದೆ ನಿಂತು, ಏನೂ ಕೊಳ್ಳದೆ ಹಿಂದಕ್ಕೆ ಬಂದ. ಅದು ಶುಕ್ರವಾರ. ಮಾರನೆಯ ದಿನ ಸೆಕ್ರೆಟರಿ ಇಂಕು ತಿದ್ದಿದರು. ಅವನು ಅಲ್ಲೇ ನಿಂತು ನೋಡಿದ.

ಇಂಕು ಬಿದ್ದ ಮೇಲೆ ಅವನಿಗೆ ಧೈರ್ಯ ಬಂತು. ಅಂಥ ಧೈರ್ಯಕ್ಕೆ ಬೇರೆ ಏನು ಹೆಸರಿಡಬೇಕೋ ಅದು ಅವನಿಗೂ ಗೊತ್ತಿತ್ತು. ಭಾನುವಾರ ಅಕ್ಕ ತನ್ನ ಸೀರೆಗಳನ್ನು ಟ್ರಂಕಿಗೆ ಹಾಕುತ್ತಿದ್ದಳು. ಅವನು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತ.

"ಅಕ್ಕ, ಚೀಟಿ ಎತ್ತಲಿಲ್ಲ. ನಾನೇ ಆರಿಸಿದ್ದು. ಎ ಟೈಪ್ ಇತ್ತು, ಬೇಕಾದಷ್ಟಿತ್ತು. ಬೇಕು ಅಂತಾನೇ ಬಿ ಬರೆದೆ."

ಅವಳು ಮಡಚುತ್ತಿದ್ದ ಸೀರೆಯನ್ನು ತೊಡೆಯ ಮೇಲಿಟ್ಟು ಅವನನ್ನೇ ನೋಡಿದಳು. ಅವನು ಬಯ್ಗುಳಕ್ಕೆ ತಲೆ ಕೊಟ್ಟು ಕೂತ. ಈಗಲಾದರೂ ಬಯ್ಯಲಿ, ಕೆನ್ನೆಗೆ ಬಾರಿಸಲಿ ಎಂದು ಮನಸ್ಸು ಹಂಬಲಿಸಿತು. ಅವಳ ಮುಖದ ಮೇಲೆ ನಗು ಹರಡಿತು.

"ನೀನು ಹೀಗೇ ಏನಾದ್ರೂ ಹೇಳ್ತೀಯ ಅಂತ ನಂಗೊತ್ತಿತ್ತು ಕಣೋ."

"ನಿಜ ಅಕ್ಕ. ನನ್ನಾಣೆ."

"ಸಾಕು ಸುಮ್ನಿರೋ, ಆಣೆ ಗೀಣೆ ಇಡ್ಬೇಡ. ಚಿಕ್ಕೋನಿದ್ದಾಗಿಂದ ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ. ಕಿವಿ ಕೆಂಪಗಾಗತ್ತೆ. ಈಗ್ಲೂ ಆಗಿದೆ, ಹೋಗಿ ಕನ್ನಡೀಲಿ ನೋಡ್ಕೋ." ಅವನ ತಲೆಯ ಮೇಲೆ ಕೈಯಿಟ್ಟಳು. "ನನ್ನ ಕರ್ಮಾನ ನೀನ್ಯಾಕೆ ಹೊತ್ಕೋತೀಯ? ನೀನು ಇಷ್ಟು ಹೇಳಿದ್ಯಲ್ಲ, ಅದೇ ಸಾಕು ನಂಗೆ. ಹೊಟ್ಟೇಲಿ ಹುಟ್ಟಿದ ಮಗನೂ ಹೀಗೆ ಹೇಳ್ತಿರ್ಲಿಲ್ಲ."

ಅವನ ಕಿವಿಗಳು ನಿಜವಾಗಿಯೂ ಸುಡುತ್ತಿದ್ದವು. ಪ್ರಭಾಳನ್ನು ಕರೆದು ಸಾಕ್ಷಿ ಹೇಳಿಸಬಹುದಿತ್ತು, ವೆಂಕಟೇಶಪ್ಪನನ್ನು ಕರೆದುತರಬಹುದಿತ್ತು. ಅವನು ಇನ್ನೊಂದು ಸಲ ಹೇಳಲಿಲ್ಲ. ತಲೆಯ ಮೇಲಿನ ಕೈ ಹಾಗೇ ಇರಲೆಂದು ಅಲುಗಾಡದೆ ಕೂತ. ಹಾಗೆ ಕೂತದ್ದಕ್ಕಾಗಿ ತನ್ನ ಮೇಲೇ ಅಸಹ್ಯಪಟ್ಟುಕೊಂಡ, ಆದರೂ ಕೂತಿದ್ದ.

ಮಳೆಗಾಲ ಕಳೆದು ಮನೆಗಳ ಕೆಲಸ ಮುಗಿಯಿತು. ಬೀಗದ ಕೈ ಕೊಡುವ ದಿನದ ಬೆಳಿಗ್ಗೆಯೇ ಹೊರಡಬೇಕೆಂದು ಅಕ್ಕ ಹಟ ಹಿಡಿದಳು. ಗೃಹಪ್ರವೇಶಕ್ಕಾದರೂ ಇರಬೇಕೆಂದು ಪ್ರಭಾ ಅತ್ತು ಕೇಳಿಕೊಂಡದ್ದಕ್ಕೆ, "ಆಮೇಲೆ ನಿನ್ನ ಸೀಮಂತಕ್ಕೆ ಬರ್ತೀನಿ, ಬಿಡು. ದೂರದಲ್ಲಿ ಕೂತ್ಕೋತೀನಿ," ಎಂದಳು. ಹೊಲಿಗೆ ಮೆಷೀನನ್ನು ಪ್ರಭಾಳಿಗೇ ಬಿಟ್ಟಳು. ಗೋಪಾಲಕೃಷ್ಣ ಟ್ರಂಕು ಹೊತ್ತು, ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆದು, ತುಮಕೂರು ರಸ್ತೆಗೆ ಬಂದ. ನೆಲಮಂಗಲದ ಬಸ್ಸು ಬಂತು. ಮೆಟ್ಟಿಲು ಎತ್ತರವಾಗಿತ್ತು. ಅವನು ಎರಡೂ ಕೈಯಿಂದ ಆನಿಸಿ ಹತ್ತಿಸಿದ, ಕಂಡಕ್ಟರು ಮೇಲಿನಿಂದ ರಟ್ಟೆ ಹಿಡಿದು ಎಳೆದುಕೊಂಡ.

ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನು ಇಳಿದು ಬಂದು ಕಿಟಕಿಯ ಕೆಳಗೆ ನಿಂತ.

"ಅಕ್ಕ," ಎಂದ.

ಅವಳು ತಿರುಗಲಿಲ್ಲ. ಸೆರಗನ್ನು ತಲೆಯ ಮೇಲಿಂದ ಎಳೆದುಕೊಂಡು ಬಸ್ಸಿನ ಆ ಬದಿಯ ಕಿಟಕಿಗಳನ್ನೇ ನೋಡುತ್ತಿದ್ದಳು. ಅಲ್ಲಿ ಒಬ್ಬ ಮುದುಕ ಕುರಿಮರಿಯೊಂದನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಕೂತಿದ್ದ.

"ಅಕ್ಕ, ಒಂದ್ಸಲ ಈ ಕಡೆ ನೋಡೇ."

"ಶುಭ ಕೆಲಸಕ್ಕೆ ಹೊರಟಿದ್ದೀಯ, ನಿಂತ್ಕೋಬೇಡ, ಹೋಗಪ್ಪ," ಎಂದಳು, ಮುಖ ಆ ಕಡೆಗೇ ಇಟ್ಟುಕೊಂಡು. ದನಿಯಲ್ಲಿ ಅಕ್ಕರೆಯೇ ಇತ್ತು.

ಕಂಡಕ್ಟರು ಸೀಟಿ ಊದಿದ. ಬಸ್ಸು ಕದಲಿತು. ಅವನು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಓಡಿ ಕೈಬಿಟ್ಟ. ಲಾರಿಗಳ ಸಾಲಿನಲ್ಲಿ ಬಸ್ಸು ಸಣ್ಣದಾಗುವವರೆಗೆ ಆ ಕಿಟಕಿಯಲ್ಲಿ ಅವನಿಗೆ ಕಂಡದ್ದು ಸೆರಗು ಹೊದ್ದ ಅವಳ ತಲೆಯ ಹಿಂಭಾಗ ಮಾತ್ರ.