ಒಲೆ ಹಚ್ಚದ ದಿನ

ಗಯಾಬಾಯಿ ತನ್ನ ಮನೆಯ ಒಲೆಗೆ ತಾನೇ ಒಂದು ತಂಬಿಗೆ ನೀರು ಸುರಿದಳು. ಉರಿಯುತ್ತಿದ್ದ ತೊಗರಿ ಕಟ್ಟಿಗೆ ಚುಂಯ್ ಎಂದು ಆರಿತು. ಅಂದಿನಿಂದ ಊರ ಹೊರಗೆ, ಬೇಲಿಯಾಚೆ ಮೂರು ಕಲ್ಲಿಟ್ಟು ರೊಟ್ಟಿ ಸುಡತೊಡಗಿದಳು. ಗಂಡ ಪಾಂಡುರಂಗನಿಗೆ ದಮ್ಮು. ದಿನಕ್ಕೆ ನಾಲ್ಕು ಸಲ ಬಿಸಿನೀರು ಬೇಕು. ಅಲ್ಲಿಂದ ಕಾಸಿ ತರುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು.

ನಾನು ಪಕ್ಕದ ಮನೆಯ ಸಪ್ನಾ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಇದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ನಮ್ಮೂರು ಹುಮನಾಬಾದಿನ ಹತ್ತಿರ. ಗಾಳಿ ನಮ್ಮ ಓಣಿಯ ಕಡೆ ತಿರುಗಿದರೆ ಊರ ಪಕ್ಕದ ಫ್ಯಾಕ್ಟರಿಯ ಹೊಗೆ ಹೇಳದೆ ಕೇಳದೆ ಮನೆಯೊಳಗೆ ಬರುತ್ತದೆ. ಒಣಹಾಕಿದ ಬಟ್ಟೆ ಕಪ್ಪಾಗುತ್ತದೆ. ಪಾಂಡುರಂಗ ಕಾಕಾ ಹೊಲದ ಕೂಲಿ, ಬೀಡಿ ಮುಟ್ಟಿದವನಲ್ಲ. ಪ್ರತಿ ವರ್ಷ ಪಂಢರಾಪುರಕ್ಕೆ ನಡೆದೇ ಹೋಗುತ್ತಿದ್ದ ಮನುಷ್ಯ ಬಚ್ಚಲಿಗೆ ಹೋಗಿ ಬಂದರೂ ಗೋಡೆ ಹಿಡಿದು ನಿಲ್ಲುವಂತಾದ.

ಕಲ್ಯಾಣದ ಕಾಲೇಜಿನ ದಿಲೀಪ ಸರ್ ಬಂದು ಗಯಾಬಾಯಿಯ ಹೊರಗೋಡೆಗೆ ಒಂದು ಸಣ್ಣ ಡಬ್ಬಿ ಬಡಿದು ಹೋಗಿದ್ದರು. ಬುತ್ತಿ ಡಬ್ಬಿಯಷ್ಟೇ ಇತ್ತು. ಗಾಳಿಯಲ್ಲಿರುವ ಹೊಗೆ, ದೂಳು ಎಷ್ಟೆಂದು ಅದು ಅಳೆದು ತೋರಿಸುತ್ತದೆ. ಅಂಕಿ ಏರಿದಷ್ಟೂ ಗಾಳಿ ಕೆಟ್ಟಿದೆ ಎಂದರ್ಥ. ಹತ್ತನೆಯ ತರಗತಿ ಓದಿದವಳು ಅಂತ ಅಂಕಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವ ಕೆಲಸ ನನಗೆ ಬಂತು. ಎರಡು ತಿಂಗಳ ಅಂಕಿ ಹಚ್ಚಿ ಓಣಿಯವರೆಲ್ಲ ಫ್ಯಾಕ್ಟರಿಯ ಮೇಲೆ ಸರ್ಕಾರಕ್ಕೆ ಅರ್ಜಿ ಕೊಟ್ಟೆವು. ತನಿಖೆಗೆ ಸಾಹೇಬರು ಬಂದರು. ಫ್ಯಾಕ್ಟರಿಯ ಜೀಪಿನಲ್ಲೇ ಬಂದರು, ನಾಚಿಕೆಯಾದರೂ ಬೇಡವೇ!

ಅವರು ಡಬ್ಬಿ ನೋಡಲಿಲ್ಲ. ಗಯಾಬಾಯಿಯ ಒಲೆ ನೋಡಿದರು.

“ಮನ್ಯಾಗ ಕಟ್ಟಿಗಿ ಒಲಿ ಇಟ್ಕೊಂಡು ಕುಂತೀದಿ. ಅಂಕಿ ಏರದ ಇರ್ತದೇನು?”

“ಗ್ಯಾಸ್ ಅದರಿ ಸಾಹೇಬ್ರ. ಟಾಕಿ ಖಾಲಿ ಆಗ್ಯದ.”

“ಅದನ್ನ ನನಗ್ಯಾಕ ಹೇಳ್ತಿ? ನಿನ್ನ ಗಂಡಗ ದಮ್ಮು ಹಚ್ಚಿದ್ದು ನಿನ್ನ ಒಲಿ.” ಹಿಂದೆ ನಿಂತ ಗುಮಾಸ್ತನ ಕಡೆ ತಿರುಗಿದರು. “ಬರ್ಕೋರಿ.”

ಅವನು ಬರೆದುಕೊಂಡ. ಜೀಪು ಹೋದ ಮೇಲೂ ಗಯಾಬಾಯಿ ಕೂತಲ್ಲೇ ಕೂತಿದ್ದಳು.

“ಮೂವತ್ತು ವರ್ಷ ನಾನೇ ಅವರಿಗೆ ಹೊಗಿ ಕುಡಿಸಿದೆನೇನ, ಸಪ್ನಾ?”

“ಇಲ್ಲ ಕಾಕು, ಸುಳ್ಳದು.”

“ಕಲಿತವರು ಸುಳ್ಳ ಯಾಕ ಹೇಳ್ತಾರ?”

ಆ ಸಂಜೆಯೇ ಒಲೆ ಆರಿಸಿದ್ದು. ಒಳಗೆ ಮಲಗಿದ್ದ ಕಾಕಾ ಕೆಮ್ಮುತ್ತಲೇ ಅಂದ, “ಆ ಒಲಿ ನನಗ ಅನ್ನ ಹಾಕ್ಯದ. ಹಚ್ಚು. ಥಂಡಿ ಆಗಾಕತ್ತದ.” ಅವಳು ಹಚ್ಚಲಿಲ್ಲ. ನಮ್ಮನೆಯಲ್ಲಿ ನೀರು ಕಾಸಿಕೊಡುತ್ತೇನೆ ಅಂದರೆ, ಗೋಡೆಯಾಚೆಯ ಹೊಗೆಯೂ ಬೇಡ ಅಂದಳು. ಅವನು ಬದುಕಲಿ ಅಂತಲೇ ಹಚ್ಚಲಿಲ್ಲ.

ಹನ್ನೊಂದನೆಯ ದಿನ ಬೆಳಗಾಗುತ್ತಲೇ ಕಾಕಾ ಬಿಸಿನೀರು ಕೇಳಿದ. ಅವಳು ತಂಬಿಗೆ ಹಿಡಿದು ಬೇಲಿಯಾಚೆ ಓಡಿದಳು. ತರುವಷ್ಟರಲ್ಲಿ ಉಸಿರು ನಿಂತಿತ್ತು. ಆ ತಂಬಿಗೆಯನ್ನು ಕೆಳಗಿಡಲೂ ಅವಳಿಗೆ ತಿಳಿಯಲಿಲ್ಲ, ನಾನೇ ಕೈಯಿಂದ ಬಿಡಿಸಿಕೊಂಡೆ.

ನಮ್ಮಲ್ಲಿ ಹೆಣ ಎತ್ತುವವರೆಗೆ ಓಣಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಮಗಳು ಮನೀಷಾ ಗಂಡನ ಊರು ಕೊಹಿನೂರಿನಿಂದ ಬರಬೇಕಿತ್ತು. ಮಧ್ಯಾಹ್ನದ ತನಕ ಒಂದು ಮನೆಯಲ್ಲೂ ಚಹಾ ಕೂಡ ಕುದಿಯಲಿಲ್ಲ. ಎದುರುಮನೆಯ ಮುನ್ನಿ ಬೀ ತನ್ನ ಮೊಮ್ಮಕ್ಕಳಿಗೆ ತಂಗಳು ರೊಟ್ಟಿಯನ್ನೇ ಕೊಟ್ಟಳು. ಅಳುತ್ತಾ ಹೊರಗೆ ಬಂದ ನಾನು ಡಬ್ಬಿಯ ಕಡೆ ನೋಡಿದೆ. ಮುನ್ನೂರ ಹನ್ನೆರಡು. ಅಲ್ಲಿಯ ತನಕ ಅಷ್ಟು ಎಂದೂ ಏರಿರಲಿಲ್ಲ. ಫ್ಯಾಕ್ಟರಿಯ ಹೊಗೆ ಓಣಿಯ ಮೇಲೇ ಕೂತಿತ್ತು. ಕಣ್ಣೊರೆಸಿಕೊಂಡು ಒಳಗೆ ಹೋಗಿ ಬರೆದಿಟ್ಟೆ.

ಕಾಕಾನ ದಿನಕರ್ಮ ಮುಗಿದ ಮೇಲೆ, ಯಾರ ಒಲೆಯೂ ಉರಿಯದ ಆ ದಿನದ ಅಂಕಿಯನ್ನು ಗಯಾಬಾಯಿಗೆ ತೋರಿಸಿದೆ.

“ಅಂದ್ರ ನನ್ನ ಒಲಿ ಅಲ್ಲ?”

“ಅಲ್ಲ ಕಾಕು.”

“ಹಂಗಾದ್ರ ಹನ್ನೊಂದು ದಿನ ಅವರನ್ನ ಥಂಡ್ಯಾಗ ಯಾಕ ಮಲಗಿಸಿದೆ ನಾ?”

ಇಬ್ಬರೂ ಅತ್ತೆವು.

ಸಾಹೇಬರು ಪಂಚಾಯ್ತಿಗೆ ಮತ್ತೆ ಬಂದಾಗ ಓಣಿಯ ಹೆಂಗಸರೆಲ್ಲ ಹೋದೆವು. ಕ್ಯಾಲೆಂಡರನ್ನು ಅವರ ಮೇಜಿನ ಮೇಲೆ ಹರಡಿದೆ.

“ಈ ಅಗ್ಗದ ಡಬ್ಬಿ ಲೆಕ್ಕಕ್ಕ ಬರಂಗಿಲ್ಲ,” ಅಂದರು. “ಮತ್ತ ಹೆಣದ ಮುಂದ ಊದಬತ್ತಿ ಹಚ್ಚಿರ್ತೀರಿ.”

“ಅಗ್ಗದ್ದಾದ್ರ ತುಟ್ಟಿ ಮಷೀನ್ ತರ್ರಿ,” ಗಯಾಬಾಯಿ ಅಂದಳು. “ನೀವು ಹೇಳಿದಷ್ಟು ದಿನ ಓಣ್ಯಾಗ ಒಲಿ ಹಚ್ಚಂಗಿಲ್ಲ. ಊದಬತ್ತಿನೂ ಹಚ್ಚಂಗಿಲ್ಲ.”

“ನೋಡೋಣು,” ಎಂದು ಸಾಹೇಬರು ಎದ್ದರು.

ಗಯಾಬಾಯಿ ಗುಮಾಸ್ತನ ಮುಂದೆ ಹೋಗಿ ನಿಂತಳು.

“ಅವತ್ತ ಬರ್ಕೊಂಡಿರಲ್ಲ, ಇದನ್ನೂ ಬರ್ಕೋರಿ. ನನ್ನ ಗಂಡ ಸಾಯುವಾಗ ನನ್ನ ಒಲಿ ತಣ್ಣಗಿತ್ತು.”

ಅವನು ಸಾಹೇಬರ ಮುಖ ನೋಡಿದ. ಪೆನ್ನು ಅಲ್ಲಾಡಲಿಲ್ಲ.

ಮುನ್ನಿ ಬೀ ಬಾಗಿಲು ಮುಚ್ಚಿ ಹೊಸ್ತಿಲಿಗೆ ಅಡ್ಡ ಕೂತಳು. ಅವಳ ಪಕ್ಕ ನಾನು ಕೂತೆ. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

“ಬರೀರಿ ಸಾಬ್,” ಮುನ್ನಿ ಬೀ ಅಂದಳು. “ಬರ್ದ ಮ್ಯಾಲೆ ಹೋಗ್ರಿ.”